ಡಿಸೆಂಬರ್ 3 ಮರಿ ಹಾಕಿತು

ನಮ್ಮ ನಂದಿನಿ ಲೇಔಟ್‌ನಲ್ಲಿ ಕುರಿ ನೋಡಬೇಕು ಅಂದರೆ ಇರುವುದು ಎರಡೇ ಜಾಗ. ಒಂದು, ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ. ಅಲ್ಲಿ ಅದು ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಇನ್ನೊಂದು, ನಮ್ಮ ಮನೆಯ ಮಹಡಿ. ಅಲ್ಲಿ ಅದು ನಮ್ಮ ಭಾಮೈದನ ಲ್ಯಾಪ್‌ಟಾಪಿನಲ್ಲಿ ಅಡ್ಡಸಾಲಾಗಿ ಮಲಗಿರುತ್ತದೆ. ಬಡಾವಣೆಗೆ ವಸಿಷ್ಠರ ಹಸುವಿನ ಹೆಸರಿದೆ, ಕುರಿಗೆ ಅಂತ ಯಾವ ಪುಣ್ಯಾತ್ಮನೂ ಲೇಔಟ್ ಮಾಡಿಲ್ಲ. ಆ ಕೊರತೆಯನ್ನು ನಮ್ಮ ಭಾಮೈದ ಎಕ್ಸೆಲ್‌ನಲ್ಲಿ ತುಂಬಿಕೊಟ್ಟಿದ್ದಾನೆ. ಒಂದೊಂದು ಕುರಿಗೂ ಒಂದೊಂದು ಸೈಟು, ನಂಬರು, ಖಾತೆ. ಹುಟ್ಟಿದ ದಿನ, ತಾಯಿ, ತಂದೆ, ತೂಕ, ಲಸಿಕೆ. ನನ್ನ ಮುತ್ತಜ್ಜನ ಹೆಸರು ಕೇಳಿದರೆ ನಾನು ತಡವರಿಸುತ್ತೇನೆ. ಅವನಿಗೆ ತನ್ನ ಟಗರಿನ ಮೂರು ತಲೆಮಾರು ಬಾಯಿಪಾಠ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವವರೆಗೆ.

ಕುರಿಗಳು ಇರುವುದು ಇಲ್ಲಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಅವು ಇರುವುದು ಶಿರಾದಿಂದ ಆಚೆ, ಅವರಪ್ಪ ಬಿಟ್ಟುಹೋದ ಹೊಲದಲ್ಲಿ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ತುಮಕೂರು ರಸ್ತೆ ಹಿಡಿದರೆ ಸುಮಾರು 120 ಕಿಲೋಮೀಟರ್. ಕುರಿ ಅಲ್ಲಿ, ಲೆಕ್ಕ ಇಲ್ಲಿ. ಹುಲ್ಲು ಅಲ್ಲಿ, ಫಾರ್ಮುಲಾ ಇಲ್ಲಿ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಅಂತಾದಾಗ ಇವನ ಯೂಟ್ಯೂಬಿನಲ್ಲಿ 'ಕೆಲಸ ಬಿಟ್ಟ ಇಂಜಿನಿಯರ್, ಕುರಿಯಿಂದ ಲಕ್ಷಾಧೀಶ' ಅನ್ನುವ ಜಾತಿಯ ವಿಡಿಯೋಗಳು ಒಂದರ ಹಿಂದೊಂದು ಬರತೊಡಗಿದವು. ಒಂದು ನೋಡಿದರೆ ಹತ್ತು ತೋರಿಸುವುದು ಅದರ ಸ್ವಭಾವ. ಅದಕ್ಕೆ ಸರಿಯಾಗಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಂಠೀರವ ಸ್ಟುಡಿಯೋ, ಅಣ್ಣಾವ್ರ ಸಮಾಧಿ. ಅಲ್ಲಿಗೆ ವಾಕಿಂಗ್ ಹೋಗಿ ಬಂದವನು 1972ರ 'ಬಂಗಾರದ ಮನುಷ್ಯ' ಮತ್ತೊಂದು ಸಲ ನೋಡಿದ. ರಾಜೀವಪ್ಪ ಹಳ್ಳಿಯಲ್ಲೇ ಉಳಿದು ಮಣ್ಣು ಹೊತ್ತ, ಕಲ್ಲು ಒಡೆಸಿದ. ನಮ್ಮ ಭಾಮೈದ ಕೆಲಸವನ್ನೂ ಬಿಡಲಿಲ್ಲ, ಊರಿಗೂ ಹೋಗಲಿಲ್ಲ. ಹೊಸ ಎಕ್ಸೆಲ್ ಫೈಲ್ ತೆರೆದ. ಕಾಲಕ್ಕೆ ತಕ್ಕ ಕೋಲ.

ಮೊದಲ ಹಾಳೆಯಲ್ಲಿ ಇನ್ನೂ ಒಂದು ಕುರಿಯೂ ಇರಲಿಲ್ಲ, ಆದರೂ ಲಾಭ ಇತ್ತು. ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು. ಕುರಿಯ ಗಬ್ಬ ಐದು ತಿಂಗಳು, ಆಮೇಲೆ ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಮೂರು ತಿಂಗಳು ರಜೆ, ಅಂದರೆ ಎಂಟು ತಿಂಗಳಿಗೊಂದು ಸಲ ಮರಿ. ಸಲಕ್ಕೆ ಅವಳಿ. ಅವಳಿಯಲ್ಲಿ ಒಂದು ಹೆಣ್ಣು, ಒಂದು ಗಂಡು. ಯಾವುದಕ್ಕೂ ಕೆಮ್ಮಿಲ್ಲ, ಭೇದಿಯಿಲ್ಲ, ಸಾವಂತೂ ಇಲ್ಲವೇ ಇಲ್ಲ. ಮರಿ ಬೆಳೆಯಲು ಕಾಲ ಬೇಕು ಅನ್ನುವುದನ್ನೂ ಬಿಟ್ಟಿದ್ದ. ಸೆಲ್ಲಿನ ಮೂಲೆಯ ಆ ಪುಟಾಣಿ ಚೌಕ ಇದೆಯಲ್ಲ, ಅದನ್ನು ಹಿಡಿದು ಕೆಳಗೆ ಎಳೆದರೆ ಆಯಿತು, ಎಳೆದಷ್ಟೂ ಕುರಿ ಮರಿ ಹಾಕುತ್ತದೆ. "ನೋಡು ಭಾವ, ಎಂಟು ತಿಂಗಳಿಗೆ ಡಬಲ್!" ಅಂದ. ನಾನು ಸರ್ಕಾರಿ ಕಚೇರಿಯಲ್ಲಿ ರಿಜಿಸ್ಟರ್ ಬರೆದು ನಿವೃತ್ತನಾದವನು. ಇನ್ನೂ ಸ್ವಲ್ಪ ಎಳಿ ಅಂದೆ. ಇಪ್ಪತ್ತು ಸಲ ಎಳೆದ. ಹದಿಮೂರು ವರ್ಷ ನಾಲ್ಕು ತಿಂಗಳಿಗೆ ಅವನ ಹೆಣ್ಣು ಕುರಿಗಳು 2,09,71,520 ಆದವು. 2019ರ ಜಾನುವಾರು ಗಣತಿಯಲ್ಲಿ ಇಡೀ ಕರ್ನಾಟಕದ ಕುರಿ ಎಲ್ಲ ಸೇರಿ ಸುಮಾರು 1.11 ಕೋಟಿ. ಮೇಯಿಸೋಕೆ ಜಾಗ ಎಲ್ಲಿ ಅಂತ ಕೇಳಿದೆ. ಆಂಧ್ರ, ತೆಲಂಗಾಣ ಬಾಡಿಗೆಗೆ ಸಿಗುತ್ತಾ ನೋಡಬೇಕು ಅಂದ, ಮುಖ ಗಂಭೀರವಾಗಿಯೇ ಇತ್ತು.

ಇದರಲ್ಲಿ ಒಂದು ಮಜಾ ಇದೆ. ಒಂದೇ ಕುರಿ ಇಪ್ಪತ್ತು ಸಲ ಇಮ್ಮಡಿಯಾದರೆ 10,48,576. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಇರುವ ಸಾಲುಗಳೂ ಸರಿಯಾಗಿ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅಲ್ಲಿಗೆ ದೊಡ್ಡಿ ತುಂಬಿತು. ಕರ್ನಾಟಕದ ಕುರಿಗಳನ್ನೆಲ್ಲ ಹೊಡೆದುಕೊಂಡು ಬಂದು ಕೂಡಬೇಕು ಅಂದರೆ ಹನ್ನೊಂದು ಹಾಳೆ ಬೇಕಾಗುತ್ತದೆ. ದೊಡ್ಡಿ ಚಿಕ್ಕದಾದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನವರು ಸಾಕ್ಷಿ: 65,536 ಸಾಲಿಗೇ ನಿಲ್ಲುವ ಹಳೇ ಮಾದರಿಯ ಫೈಲಿನಲ್ಲಿ ಕೊರೊನಾ ಲೆಕ್ಕ ಇಟ್ಟು, 2020ರಲ್ಲಿ ಸುಮಾರು 16,000 ಸೋಂಕಿತರನ್ನು ಬೇಲಿಯಾಚೆ ಕಳೆದುಕೊಂಡಿದ್ದರು.

ಕನಸಿನಿಂದ ಇಳಿದು ಸಬ್ಸಿಡಿಗೆ ಬಂದೆವು. ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಹೊಸ ಮಾರ್ಗಸೂಚಿ ತಂದಾಗ ಹೇಳಿದ್ದು 500 ಹೆಣ್ಣು ಕುರಿ, 25 ಟಗರು. ಅರ್ಧ ಸಹಾಯಧನ, 50 ಲಕ್ಷದ ಮಿತಿ. ಆಮೇಲೆ ಬಡಬಗ್ಗರನ್ನು ನೆನೆದು 100ಕ್ಕೆ 5 ಅಂತ ಚಿಕ್ಕ ಅಳತೆಯನ್ನೂ ಸೇರಿಸಿದರು. ಎಲ್ಲ ಅಳತೆಯಲ್ಲೂ ಇಪ್ಪತ್ತು ಹೆಣ್ಣಿಗೆ ಒಂದು ಟಗರು, ಅದು ಸರ್ಕಾರಕ್ಕೂ ಗೊತ್ತು, ಟಗರಿಗೂ ಗೊತ್ತು. ನೂರು ಕುರಿಯ ಬಂಡವಾಳ ನಮ್ಮವನ ಹತ್ತಿರ ಇರಲಿಲ್ಲ. ಹಾಗಾಗಿ ಸಬ್ಸಿಡಿಯ ಆಸೆ ಬಿಟ್ಟು ಶಿರಾ ಸಂತೆಯಲ್ಲಿ ಇಪ್ಪತ್ತು ನಾಡು ಕುರಿ ಹಿಡಿದ. ಟಗರು ಮಾತ್ರ ಬಂಡೂರೇ ಆಗಬೇಕು ಅಂತ ಹಟ. ಮಳವಳ್ಳಿ ಕಡೆ ಹೋಗಿ, ಗಿಡ್ಡ ಕಾಲಿನ, ಪೀಪಾಯಿ ಮೈಯಿನ, ಮಾಂಸದ ರುಚಿಗೆ ಹೆಸರಾದ ಒಂದು ಬಂಡೂರು ಟಗರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಟೋಲಿನಲ್ಲಿ ಅದು ಕಿಟಕಿಯಿಂದ ತಲೆ ಹಾಕಿ ನೋಡಿತಂತೆ. ಫಾಸ್ಟ್ಯಾಗ್ ಇದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ.

ಕುರಿ ನೋಡಿಕೊಳ್ಳಲು ತಾತ ಇದ್ದಾರೆ. ಕಾಡುಗೊಲ್ಲರ ಹಟ್ಟಿಯವರು, ಕಳುವರಹಳ್ಳಿ ಜುಂಜಪ್ಪನ ಒಕ್ಕಲು. ಹುಟ್ಟಿದ್ದು, ಬೆಳೆದದ್ದು, ಹಲ್ಲು ಉದುರಿದ್ದು ಎಲ್ಲ ಕುರಿಗಳ ನಡುವೆಯೇ. ಅವರಿಗೂ ನಮ್ಮ ಭಾಮೈದನಿಗೂ ಮೊದಲ ಜಟಾಪಟಿ ಆದದ್ದು 'ಹುಟ್ಟಿದ ದಿನಾಂಕ' ಅನ್ನುವ ಕಾಲಂ ಮೇಲೆ. ಸಂತೆಯಿಂದ ಹಿಡಿದು ತಂದ ಕುರಿಗೆ ಯಾವ ಜನನ ಪ್ರಮಾಣಪತ್ರ? ತಾತ ಒಂದು ಕುರಿಯ ದವಡೆ ಹಿಡಿದು ತುಟಿ ಮಡಚಿ ನೋಡಿ, "ನಾಕಲ್ಲು" ಅಂದರು. ಇವನು ನಾಲ್ಕು ವರ್ಷ ಅಂತ ತುಂಬಿಬಿಟ್ಟ. ನಾಲ್ಕು ಹಲ್ಲು ಅಂದರೆ ಎರಡು ವರ್ಷದ ಆಸುಪಾಸು. ಎಂಟೂ ಹಲ್ಲು ಬಂದು ಬಾಯಿ ಕೂಡುವುದೇ ನಾಲ್ಕರ ಹೊತ್ತಿಗೆ. ಒಂದು ಬಟನ್ ಒತ್ತಿದ್ದಕ್ಕೆ ಹರೆಯದ ಕುರಿಗಳೆಲ್ಲ ಒಮ್ಮೆಗೇ ಮುದುಕಿಯರಾದವು. ಹಾಳೆ ಅವುಗಳನ್ನು ಬೇಗ ಮಾರು ಅಂತ ಹಳದಿ ಬಣ್ಣ ಬಳಿದು ಸೂಚಿಸಿತು.

ಆಮೇಲೆ ನಂಬರಿನ ಕಥೆ. ಕೊಟ್ಟಿಗೆಯಲ್ಲಿ ಮೂರು ಅಂಕಣ ಮಾಡಿ, ಮೂರನೇ ಅಂಕಣದ ಹನ್ನೆರಡನೇ ಕುರಿಗೆ 3-12 ಅಂತ ಹೆಸರಿಟ್ಟ. ಎಕ್ಸೆಲ್‌ಗೆ ಈ ಥರದ್ದು ಕಂಡರೆ ಸಾಕು, ಇದು ತಾರೀಕೇ ಇರಬೇಕು ಅಂತ ತೀರ್ಮಾನ ಮಾಡಿಬಿಡುತ್ತದೆ. ನಮ್ಮ ಹಳೇ ಹೆಡ್ ಕ್ಲಾರ್ಕ್ ಒಬ್ಬರು ಹೀಗೇ ಇದ್ದರು, ಅರ್ಜಿ ಓದುವ ಮೊದಲೇ ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತಿದ್ದರು. ಹನ್ನೆರಡರ ಒಳಗಿನ ಕುರಿಗಳೆಲ್ಲ ದಿನಾಂಕಗಳಾದವು. ರಾತ್ರಿ ಹತ್ತಕ್ಕೆ ಮಹಡಿಯಿಂದ ಕೂಗು: "ಭಾವ, ಡಿಸೆಂಬರ್ 3 ಮರಿ ಹಾಕಿತು!" ಇನ್ನೂ ಆಷಾಢ ಕಣಯ್ಯ ಅಂದೆ. ಸರಿಮಾಡುತ್ತೇನೆ ಅಂತ ಹೋಗಿ ಆ ಸೆಲ್ಲನ್ನು ಬರೀ ಸಂಖ್ಯೆಗೆ ತಿರುಗಿಸಿದ. ಕುರಿ ಹೋಗಿ 45629 ಆಯಿತು. ಅದು 1900ರ ಜನವರಿ ಒಂದರಿಂದ 2024ರ ಡಿಸೆಂಬರ್ 3ರವರೆಗೆ ಎಕ್ಸೆಲ್ ಎಣಿಸಿದ ದಿನಗಳ ಲೆಕ್ಕ. ಆ ಲೆಕ್ಕದಲ್ಲೂ ಒಂದು ದಿನ ಹೆಚ್ಚು. 1900ನೇ ಇಸವಿಯ ಫೆಬ್ರವರಿಗೆ 29 ದಿನ ಅಂತ ಹಳೇ ಲೋಟಸ್ 1-2-3 ತಿಳಿದಿತ್ತು. ಅದರ ಫೈಲುಗಳು ಇದರಲ್ಲೂ ನಡೆಯಬೇಕಲ್ಲ ಅಂತ ಎಕ್ಸೆಲ್ ಗೊತ್ತಿದ್ದೂ ಅದೇ ತಪ್ಪನ್ನು ಉಳಿಸಿಕೊಂಡಿತು. ಮುಂದಿನದು ಹಳ್ಳಕ್ಕೆ ಇಳಿದರೆ ಹಿಂದಿನದೂ ಇಳಿಯುವ ಪದ್ಧತಿ ಕುರಿಗಳಲ್ಲಿ ಮಾತ್ರ ಇದೆ ಅಂತ ಯಾರು ಹೇಳಿದ್ದು?

ನಗಬೇಡಿ, ದೊಡ್ಡ ದೊಡ್ಡ ವಿಜ್ಞಾನಿಗಳೂ ಈ ತಾರೀಕಿನ ಚಟಕ್ಕೆ ಸೋತಿದ್ದಾರೆ. ಮನುಷ್ಯನ ಕೆಲವು ವಂಶವಾಹಿಗಳ ಚುಟುಕು ಹೆಸರು ಮಾರ್ಚ್, ಸೆಪ್ಟೆಂಬರುಗಳನ್ನು ಹೋಲುತ್ತಿದ್ದವು. ಎಕ್ಸೆಲ್ ಅವುಗಳನ್ನು ತಾರೀಕು ಮಾಡುತ್ತಲೇ ಬಂತು. ಕೊನೆಗೆ 2020ರಲ್ಲಿ, ಹೆಸರಿಡುವ ಸಮಿತಿಯವರೇ ಕೈಮುಗಿದು ವಂಶವಾಹಿಗಳ ಹೆಸರನ್ನು ಬದಲಾಯಿಸಿದರು. ಶಿರಾದ ತಾತ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ನಿನ್ನ ಪೆಟ್ಟಿಗೆಗೋಸ್ಕರ ನಾನ್ಯಾಕಪ್ಪ ಕುರಿ ಹೆಸ್ರು ಬದ್ಲಾಯಿಸ್ಲಿ? ಅದು ಚಿಕ್ಕಿ. ಹಣೇಲಿ ಚುಕ್ಕಿ ಐತೆ, ಕಣ್ಣು ಬಿಟ್ಟು ನೋಡು."

ಇಷ್ಟು ಸಾಲದು ಅಂತ ಕಿವಿಯೋಲೆ ಬಂತು. ಸರ್ಕಾರದ ಪಶು ಆಧಾರ್ ನಂಬರು, ನಮ್ಮ ಆಧಾರ್‌ನಷ್ಟೇ ಉದ್ದ, 12 ಅಂಕಿ. ಎಕ್ಸೆಲ್ ಸಾಧಾರಣವಾಗಿ 11 ಅಂಕಿಯವರೆಗೆ ಪೂರ್ತಿ ತೋರಿಸುತ್ತದೆ, 12 ಆದರೆ ವಿಜ್ಞಾನಿಯ ಶೈಲಿಗೆ ಇಳಿಯುತ್ತದೆ. ಒಂದು ಸಂಜೆ ನೋಡುತ್ತೇವೆ, ಮಂದೆಗೆ ಮಂದೆಯೇ 1.00235ಇ+11! ಚಿಕ್ಕಿಯೂ ಅದೇ, ಕೆಂಚಿಯೂ ಅದೇ, ಬಂಡೂರು ಟಗರೂ ಅದೇ. ಒಳಗೆ ಅಸಲಿ ನಂಬರು ಭದ್ರವಾಗಿಯೇ ಇರುತ್ತದೆ, ಸೆಲ್ಲಿಗೆ ಟೆಕ್ಸ್ಟ್ ಅಂತ ಹೇಳಿಟ್ಟು ತುಂಬಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಸಾಫ್ಟ್‌ವೇರ್ ಪರೀಕ್ಷೆ ಮಾಡುವುದೇ ಇವನ ಹೊಟ್ಟೆಪಾಡು ಅನ್ನುವುದನ್ನು ಇಲ್ಲಿ ನಾನು ಹೇಳುತ್ತಿಲ್ಲ, ಅವನ ಅಕ್ಕ ಹೇಳಿದ್ದು.

ಆದರೆ ಎಲ್ಲಕ್ಕಿಂತ ಘನವಾದ ಕೆಲಸ ನಡೆದದ್ದು ವಿಂಗಡಣೆಯ ದಿನ. ಮರಿಗಳನ್ನು ತೂಕದ ಪ್ರಕಾರ ಜೋಡಿಸಬೇಕು ಅಂತ ತೂಕದ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಒತ್ತಿದ. ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೇ ಅಂತ ಎಕ್ಸೆಲ್ ಪಾಪ ಮರ್ಯಾದೆಯಿಂದ ಕೇಳಿತು. ಆಫೀಸಿನ ಕಾಲ್‌ನಲ್ಲಿದ್ದವನು ಬೇಡ ಅಂದ. ತೂಕಗಳು ಮಾತ್ರ ಸಾಲಾಗಿ ನಿಂತವು. ಮರಿಗಳು, ತಾಯಂದಿರು ಇದ್ದಲ್ಲೇ ಇದ್ದರು. ನಿನ್ನೆ ಹುಟ್ಟಿದ ಮರಿ 19 ಕೆ.ಜಿ., ಆರು ತಿಂಗಳಿನದು ಎರಡೂವರೆ. ಅದರ ಮೇಲೆ ವಿ-ಲುಕಪ್ ಬೇರೆ ಹಾಕಿದ್ದ. ಆ ಫಾರ್ಮುಲಾಕ್ಕೆ ಕೊನೆಯಲ್ಲಿ 'ಕರಾರುವಾಕ್ಕಾಗಿಯೇ ಹುಡುಕು' ಅಂತ ಹೇಳದಿದ್ದರೆ, ಹತ್ತಿರದಲ್ಲಿ ಯಾರು ಸಿಕ್ಕರೋ ಅವರನ್ನೇ ತಾಯಿ ಅಂತ ತಂದು ನಿಲ್ಲಿಸುತ್ತದೆ. ಮಾರಾಟವಾಗಿ ಹೋದ ಕುರಿಗೆ ಎರಡು ಮರಿ ಬಂದವು. ಟಗರಿಗೇ ಒಂದು ಮರಿ ಹುಟ್ಟಿತು.

ಆ ವಾರ ನಾನೂ ಅವನ ಜೊತೆ ಹೋಗಿದ್ದೆ. ಸಂಜೆ ಮೇದು ಬಂದ ಕುರಿಗಳು ರೊಪ್ಪದ ಬಾಗಿಲಲ್ಲಿ ಕಿಕ್ಕಿರಿದು ಒದರುತ್ತಿದ್ದವು. ಬೆಳಿಗ್ಗೆಯಿಂದ ಒಳಗೆ ಕೂಡಿಹಾಕಿದ್ದ ಮರಿಗಳು ಅದಕ್ಕೆ ಉತ್ತರವಾಗಿ ಒದರುತ್ತಿದ್ದವು. ಕಿವಿ ಮುಚ್ಚಿಕೊಳ್ಳಬೇಕು, ಅಷ್ಟು ಗದ್ದಲ. ತಾತ ಮುಳ್ಳಿನ ತಡಿಕೆ ಎತ್ತಿದ್ದೇ ತಡ, ಮರಿಗಳು ಕಾಲುಗಳ ನಡುವೆ ನುಗ್ಗಿದವು. ಒಂದು ಮರಿ ಅವಸರಕ್ಕೆ ಬೇರೆ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು. ಆ ಕುರಿ ಕತ್ತು ತಿರುಗಿಸಿ ಮರಿಯ ಬಾಲದ ಬುಡ ಮೂಸಿ ನೋಡಿ, ಹಿಂಗಾಲಿನಲ್ಲಿ ಒಂದು ಕೊಟ್ಟಿತು. ಮರಿ ಉರುಳಿ ಎದ್ದು ಮುಂದಿನದಕ್ಕೆ ಓಡಿತು, ಅಲ್ಲಿಯೂ ಮೂಸುವಿಕೆ, ಈ ಸಲ ಒದೆ ಬೀಳಲಿಲ್ಲ. ಬಾಲ ಪಟಪಟ ಅಲ್ಲಾಡತೊಡಗಿತು. ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಗದ್ದಲವೆಲ್ಲ ನಿಂತು, ಬರೀ ಚೀಪುವ ಸದ್ದು. ನಮ್ಮ ಭಾಮೈದ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಯಾವ ಮರಿ ಎಲ್ಲಿ ಕುಡಿಯುತ್ತಿದೆ ಅಂತ ನೋಡಿ ನೋಡಿ ತಾಯಿಯ ಕಾಲಂ ಪೂರ್ತಿ ಹೊಸದಾಗಿ ತುಂಬಿದ. ಕುರಿಗಳಿಂದ ಬ್ಯಾಕಪ್ ತೆಗೆದುಕೊಂಡ ಅಂತ ನಾನು ಈಗಲೂ ಛೇಡಿಸುತ್ತಿರುತ್ತೇನೆ.

ಕುರಿಯನ್ನು ಪೆದ್ದು ಅನ್ನುವವರಿಗೆ ಇಲ್ಲೊಂದು ಮಾತು. 2001ರಲ್ಲಿ ಇಂಗ್ಲೆಂಡಿನ ಸಂಶೋಧಕರು, ಒಂದು ಕುರಿ ಐವತ್ತು ಬೇರೆ ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತದೆ ಅಂತ ತೋರಿಸಿದರು. 2017ರಲ್ಲಿ ಕೇಂಬ್ರಿಜ್‌ನವರು ಇನ್ನೂ ಮುಂದೆ ಹೋಗಿ ಫೋಟೋದಲ್ಲಿ ಬರಾಕ್ ಒಬಾಮನನ್ನು ಗುರುತಿಸಲು ಕುರಿಗಳಿಗೆ ಕಲಿಸಿದರು. ನಮ್ಮ ಕ್ರಾಸಿನಲ್ಲಿ ಹತ್ತು ವರ್ಷದಿಂದ ಇರುವವರಿಗೆ ಎದುರು ಮನೆಯವರ ಗುರುತಿಲ್ಲ, ಬಿಡಿ.

ಹಾಗಂತ ಲೆಕ್ಕ ಇಡುವುದು ಇವತ್ತಿನ ಶೋಕಿ ಅಂತಲೂ ಅನ್ನಬೇಡಿ. ಇರಾಕಿನ ನುಜಿ ಅನ್ನುವ ಹಾಳೂರಿನಲ್ಲಿ ಅಗೆದಾಗ ಟೊಳ್ಳಾದ ಒಂದು ಮಣ್ಣಿನ ಮೊಟ್ಟೆ ಸಿಕ್ಕಿತ್ತು. ಸುಮಾರು 3,500 ವರ್ಷ ಹಿಂದಿನದು. ಮೇಲೆ ಬರೆದದ್ದು ಇಷ್ಟು: ಮರಿ ಹಾಕುವ ಕುರಿ 21, ಹೆಣ್ಣುಮರಿ 6, ದೊಡ್ಡ ಟಗರು 8, ಗಂಡುಮರಿ 4, ಆಮೇಲೆ ಮೇಕೆಗಳ ಪಟ್ಟಿ. ಒಳಗೆ ತಲೆಗೊಂದರಂತೆ ಕಲ್ಲಿನ ಹರಳುಗಳು. ನಮ್ಮ ಭಾಮೈದನ ಕಾಲಂಗಳೇ, ಹೆಚ್ಚೂಕಮ್ಮಿ ಅದೇ ಕ್ರಮ! ವ್ಯತ್ಯಾಸ ಒಂದೇ. ಆ ಮೊಟ್ಟೆಯ ಮೇಲೆ ಮುದ್ರೆ ಒತ್ತಿದವನು ಜಿಕರ್ರು ಅನ್ನುವ ಕುರುಬ. ಓದಲು ಬರದಿದ್ದರೂ ಒಡೆದು ಹರಳು ಎಣಿಸಿದರೆ ಅವನಿಗೂ ಲೆಕ್ಕ ಸಿಗುತ್ತಿತ್ತು. ನಂದಿನಿ ಲೇಔಟ್ ಹಾಳೆಗೆ ಪಾಸ್‌ವರ್ಡ್ ಇದೆ, ತಾತನ ಮುದ್ರೆಗೆ ಜಾಗವಿಲ್ಲ. ನನ್ನ ತಕರಾರೆಲ್ಲ ಇಲ್ಲೇ ಇರುವುದು. ಕುರಿ ಕಾಯುವವನು ಓದಲಾರದ ಲೆಕ್ಕದಲ್ಲಿ ಕುರಿ ಇರುವುದಿಲ್ಲ, ಯಜಮಾನನ ಆಸೆ ಇರುತ್ತದೆ.

ಅವನ ಪರವಾಗಿಯೂ ಒಂದೆರಡು ಮಾತು ಆಡದಿದ್ದರೆ ರಾತ್ರಿ ಊಟ ಸಿಗುವುದು ಕಷ್ಟ. ಮೊದಲ ಮಳೆ ಬಿದ್ದು ಹಸಿರು ಚಿಗುರು ಬಂದಾಗ ಕುರಿಗಳು ಆಸೆಬುರುಕತನದಿಂದ ಮೇಯುತ್ತವೆ. ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಹೊಟ್ಟೆ ಉಬ್ಬಿ ಬಿದ್ದಿರುತ್ತದೆ. ಕರುಳುಬೇನೆ. ಅದಕ್ಕೆ ಮಳೆಗಾಲದ ಮುಂಚೆ ಲಸಿಕೆ ಬೀಳಬೇಕು. ಹಟ್ಟಿಯಲ್ಲಿ ಹತ್ತು ಜನರ ಕುರಿ ಇರುವಾಗ ಯಾವುದಕ್ಕೆ ಬಿತ್ತು, ಯಾವುದು ಆವತ್ತು ಮೇಯಲು ಹೋಗಿ ತಪ್ಪಿಸಿಕೊಂಡಿತು ಅನ್ನುವುದು ಮರೆತೇ ಹೋಗುತ್ತದೆ. ಹಾಳೆ ಮರೆಯಲಿಲ್ಲ, ಮೂರು ಕುರಿಗಳ ಹೆಸರು ಕೆಂಪಗೆ ಉರಿಯುತ್ತಿತ್ತು. ತಾತನ ಪಂಚಾಂಗಕ್ಕೂ ಹೊಂದಿಕೊಳ್ಳಲಿ ಅಂತ 'ಮೇ 20' ಅನ್ನುವುದರ ಪಕ್ಕದಲ್ಲಿ 'ಕೃತ್ತಿಕೆ ಮುಗಿಯೋದರೊಳಗೆ' ಅಂತ ಬರೆದುಕೊಂಡಿದ್ದಾನೆ. ರೋಹಿಣಿ ಹುಟ್ಟಿದ ಮೇಲೆ ಹೋದರೆ ತಡ. ಇನ್ನೊಂದು, ಟಗರಿನ ವಿಚಾರ. ಮಗಳು ಗಬ್ಬಕ್ಕೆ ಬರುವ ಹೊತ್ತಿಗೂ ಅಪ್ಪನೇ ಮಂದೆಯಲ್ಲಿದ್ದರೆ ತಳಿ ಸೊರಗುತ್ತದೆ. ಎರಡು ವರ್ಷಕ್ಕೆ ಟಗರು ಬದಲಾಯಿಸಬೇಕು ಅಂತ ಹಾಳೆಯೂ ಹೇಳಿತು, ತಾತನೂ ಹೇಳಿದರು. ಕಾರಿನಲ್ಲಿ ಕೂರಿಸಿ ತಂದ ಬಂಡೂರು ಟಗರನ್ನು ಬಿಟ್ಟುಕೊಡಲು ಒಪ್ಪದೆ ಇದ್ದವನು ಇವನೊಬ್ಬನೇ. ಕೊನೆಗೆ ಪಕ್ಕದ ಹಟ್ಟಿಯವರ ಟಗರಿಗೆ ಅದಲುಬದಲು ಆಯಿತು.

ಸಾವಿನ ಕಾಲಂನಲ್ಲಿ ಡ್ರಾಪ್‌ಡೌನ್ ಇಟ್ಟಿದ್ದಾನೆ: ಕಾಯಿಲೆ, ನಾಯಿ, ಅಪಘಾತ, ನೆಂಟರು. ಮೊದಲ ಮೂರಕ್ಕಾದರೆ ಡಾಕ್ಟರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳಬಹುದು. ಯೋಜನೆ ಶುರುವಾದಾಗ ದೊಡ್ಡ ಕುರಿಗೆ 5,000 ರೂಪಾಯಿ ಇತ್ತು. ನಾಲ್ಕನೆಯದಕ್ಕೆ ಯಾವ ಸರ್ಕಾರವೂ ಪರಿಹಾರ ಕೊಡುವುದಿಲ್ಲ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಬೆಂಗಳೂರಿನಲ್ಲಿ ಮಟನ್ ಅಂಗಡಿಗಳ ಮುಂದೆ ನಸುಕಿನಲ್ಲೇ ಕ್ಯೂ ನಿಲ್ಲುವುದು ನಿಮಗೆ ಗೊತ್ತಿರುವುದೇ. ಕುರಿ ಇರುವ ನೆಂಟ ಒಬ್ಬನಿದ್ದಾನೆ ಅಂದಮೇಲೆ ಕ್ಯೂ ಯಾಕೆ? ಲಗ್ಗೆರೆಯಿಂದ ದೊಡ್ಡಮ್ಮನ ಮಗ, ಕುರುಬರಹಳ್ಳಿಯಿಂದ ಸೋದರತ್ತೆ, ಎಲ್ಲರ ಫೋನೂ ಬರುತ್ತದೆ. "ಒಂದು ಚಿಕ್ಕದು ಸಾಕು ಕಣಪ್ಪ, ನಾವೇನು ಜಾಸ್ತಿ ಜನ ಇಲ್ಲ." ಪಿವೋಟ್ ಟೇಬಲ್ ಹಾಕಿ ನೋಡಿದರೆ ನಾಯಿಗಿಂತ ನೆಂಟರೇ ಮುಂದು.

ಇನ್ನು 17ನೇ ಕುರಿ. ತಾತ ಅದನ್ನು ದೊಡ್ಡವ್ವ ಅಂತಾರೆ. ಬಂದಾಗಿನಿಂದ ಒಂದು ಮರಿಯನ್ನೂ ಹಾಕಿಲ್ಲ. ತಿನ್ನುವುದರಲ್ಲಿ ಎಲ್ಲರಿಗಿಂತ ಒಂದು ಹಿಡಿ ಜಾಸ್ತಿ. ಮೇವಿನ ಖರ್ಚು ಏರುತ್ತ ಹೋಗಿ ಆ ಸಾಲು ಕಡುಗೆಂಪು ಆಯಿತು. ಗೊಡ್ಡು, ಮಾರಿಬಿಡಿ ಅಂತ ಇವನು ಫೋನಿನಲ್ಲಿ ಹೇಳಿದ. ಆಗಲಿ ಅಂದರು ತಾತ. ಮಾರಲಿಲ್ಲ. ಮತ್ತೆ ಹೇಳಿದ, ಮತ್ತೆ ಆಗಲಿ. ಕೊನೆಗೆ ಎದುರಿಗೇ ನಿಂತು ಕೇಳಿದಾಗ ತಾತ ಮಾತಾಡಲಿಲ್ಲ, ಕುರಿ ಬಿಟ್ಟುಕೊಂಡು ಹೊರಟರು, ನಾವೂ ಹಿಂದೆ ಹೋದೆವು. ಹೊಲದಿಂದ ಗೋಮಾಳಕ್ಕೆ ಹೋಗಲು ಹೆದ್ದಾರಿಯ ಸರ್ವಿಸ್ ರಸ್ತೆ ದಾಟಬೇಕು. ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿವೆ. ಮಂದೆ ಅಂಚಿಗೆ ಬಂದು ನಿಂತಿತು. ದೊಡ್ಡವ್ವ ಮುಂದೆ ಬಂತು, ತಾತ ನಾಲಿಗೆಯಲ್ಲಿ ಲೊಚಗುಟ್ಟಿದ್ದೇ ತಡ ನೇರ ನಡೆದು ಆಚೆಗೆ ಹೋಯಿತು. ಉಳಿದವೆಲ್ಲ ದಾರ ಎಳೆದ ಹಾಗೆ ಹಿಂದೆ ಹೊರಟವು. ಆಚೆ ದಡದಿಂದ ತಾತ ಕೂಗಿ ಹೇಳಿದರು: "ಇದ್ನ ಮಾರಿದ್ರೆ, ನೀನೇ ಬಂದು ದಿನಾ ರೋಡ್ ದಾಟಿಸ್ಬೇಕಾಗ್ತದೆ ಕಣಪ್ಪ!"

ಈ ಮಾತನ್ನು ಯಾವ ಕಾಲಂನಲ್ಲಿ ಹಾಕೋದು ಅಂತ ದಾರಿಯುದ್ದಕ್ಕೂ ಕೊರಗಿದ. ಆಗ ನನ್ನ ಮೂವತ್ತು ಚಿಲ್ಲರೆ ವರ್ಷದ ಸರ್ಕಾರಿ ಸೇವೆ ಉಪಯೋಗಕ್ಕೆ ಬಂತು. ಯಾವ ರಿಜಿಸ್ಟರ್ ತೆಗೆದರೂ ಕೊನೆಯಲ್ಲಿ ಒಂದು ಕಾಲಂ ಇರುತ್ತದಯ್ಯ, ಷರಾ ಅಂತ. ಅಸಲಿ ವಿಷಯವೆಲ್ಲ ಅಲ್ಲೇ ಇರೋದು, ಉಳಿದ ಕಾಲಂಗಳೆಲ್ಲ ಆಡಿಟ್‌ನವರಿಗೆ ಅಂದೆ. ಷರಾ ಸೇರಿತು. ತಾತನ ಮೊಮ್ಮಗ ಪಿಯುಸಿ ಓದುತ್ತಾನೆ. ಫೋನಿನಲ್ಲೇ ಹಾಳೆ ತೆರೆದು ತಾತ ಹೇಳಿದ್ದನ್ನು ಹೇಳಿದ ಹಾಗೇ ಬೆರಳಚ್ಚು ಮಾಡುತ್ತಾನೆ. ಈಗ ಅದನ್ನು ಓದುವುದೇ ನನಗೆ ಬೆಳಗಿನ ಪೇಪರು. ಚಿಕ್ಕಿಯ ಮುಂದೆ: 'ಮೊದಲ್ನೇ ಮರೀನ ಒದೀತದೆ, ಇದ್ರವ್ವನೂ ಹಿಂಗೇಯ. ಎರಡು ದಿನ ಹಿಡ್ದು ಕುಡಿಸ್ಬೇಕು.' ಕೆಂಚಿಯ ಮುಂದೆ: 'ಬೇಲಿ ನುಗ್ಗೋ ಕಳ್ಳಿ. ಪಕ್ಕದೋರ ಕಡ್ಲೆಕಾಯಿ ಹೊಲ ನೋಡಿಟ್ಟೈತೆ.' ಹೊಸ ಟಗರಿನ ಮುಂದೆ: 'ಗುಡುಗಿಗೆ ಹೆದರ್ತದೆ. ಯಾರಿಗೂ ಹೇಳಬ್ಯಾಡಿ.' 17ರ ಮುಂದೆ ಎರಡೇ ಪದ: 'ಮಾರಂಗಿಲ್ಲ. ಕೇಳಬ್ಯಾಡಿ.' ಸಾಲು ಇನ್ನೂ ಕೆಂಪಗೇ ಇದೆ, ಕುರಿಯೂ ಇದೆ.

ಲಾಭ ಎಷ್ಟು ಅಂತ ಕೇಳಿದಿರಾ? ಹಾಳೆಯ ಪ್ರಕಾರ ಇದೆ. ಆದರೆ ಒಂದು ಭಾನುವಾರ ಅವನ ಅಕ್ಕ ಪಕ್ಕದಲ್ಲಿ ಕೂತು ಲೆಕ್ಕ ನೋಡಿದಳು. ಅವಳು ಇಪ್ಪತ್ತು ಜನರ ಚೀಟಿಯನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಪೈಸೆ ತಪ್ಪದೆ ನಡೆಸುವವಳು, ಮಗಳ ಹತ್ತಿರ ಎಕ್ಸೆಲ್ಲನ್ನೂ ಕಲಿತುಕೊಂಡಿದ್ದಾಳೆ. ಮೇವು ಸರಿ, ಔಷಧಿ ಸರಿ, ತಾತನ ಸಂಬಳ ಸರಿ. "ಪೆಟ್ರೋಲ್ ಎಲ್ಲೋ? ಟೋಲ್ ಎಲ್ಲಿ? ಹೋಗ್ತಾ ಬರ್ತಾ ಕ್ಯಾತ್ಸಂದ್ರದಲ್ಲಿ ನಿಮ್ಮ ಭಾವನೂ ನೀನೂ ಹೊಡೆಯೋ ತಟ್ಟೆ ಇಡ್ಲಿ ಯಾವ ಕಾಲಂ?" ಅಂದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಅದು ಪ್ರವಾಸ, ಕುರಿಯ ಖರ್ಚಲ್ಲ ಅಂತ ಇವನು ವಾದಿಸಿದ. ಎರಡೂ ಇಡ್ಲಿ ಲಾಭದಲ್ಲೇ ಕಳೆಯಬೇಕು ಅಂತ ತೀರ್ಪಾಯಿತು.

ಮೊನ್ನೆ ತಾತನಿಂದ ಹೊಸ ಬೇಡಿಕೆ ಬಂದಿದೆ. ಮೊಮ್ಮಗ ವಾಯ್ಸ್ ಮೆಸೇಜ್ ಕಳಿಸಿದ: "ಅಣ್ಣ, ತಾತ ಇನ್ನೊಂದು ಕಾಲಂ ಹಾಕು ಅಂತೈತೆ. ಯಜಮಾನ್ರು ಬಂದ ದಿನ ಅಂತ." ಹುಡುಗ ತಾನೇ ಆ ಕಾಲಂ ಸೇರಿಸಿಯೂ ಬಿಟ್ಟ, ತಾತನ ನೆನಪಿನಿಂದ ಹಳೇ ತಾರೀಕುಗಳನ್ನೂ ತುಂಬಿದ. ತಾತನ ನೆನಪು ಗೊತ್ತಲ್ಲ. ಕರುಳುಬೇನೆಯ ವಾರ ಬರಲಿಲ್ಲ, ಹೊಸತೊಡಕಿನ ಹಿಂದಿನ ದಿನ ಬಂದರು, ಮಳೆಗೆ ಗೋಡೆ ಬಿದ್ದಾಗ ಫೋನ್ ಮಾಡಿದರು, ಎಲ್ಲ ಅಲ್ಲಿದೆ. ಈ ಮಧ್ಯೆ ಹಾಳೆ ತೆರೆದರೆ ಎಚ್ ಆದಮೇಲೆ ನೇರವಾಗಿ ಜೆ ಕಾಣಿಸುತ್ತಿದೆ. ನಡುವಿನ ಐ ಎಲ್ಲಯ್ಯ ಅಂದರೆ, ಹೈಡ್ ಮಾಡಿದ್ದೇನೆ, ಅಕ್ಕನಿಗೆ ಹೇಳಬೇಡ ಭಾವ ಅಂದ. ನಾನು ಹೇಳಲಿಲ್ಲ. ಅವಳಿಗೆ ಅನ್‌ಹೈಡ್ ಮಾಡುವುದು ಹೋದ ತಿಂಗಳೇ ಗೊತ್ತಾಗಿದೆ ಅನ್ನುವುದನ್ನು ಅವನಿಗೂ ಹೇಳಿಲ್ಲ.